ಕೂಸು ಕಂಕುಳಲ್ಲಿ, ಊರು ದೂರದಲ್ಲಿ

‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಹೇಳಿದರು. ಹೇಳಿದ ಹೊತ್ತಿನಲ್ಲಿ ಅವರ ಕಂಕುಳಲ್ಲಿ ಕೂಸಿರಲಿಲ್ಲವೆಂದು ಧೈರ್ಯವಾಗಿ ಊಹಿಸಬಹುದು. ಕೂಸನ್ನೆತ್ತಿಕೊಂಡು ಕೋಶ ಓದುವುದು ಕಷ್ಟ. ದೇಶ ಸುತ್ತುವುದು ಅದಕ್ಕಿಂತಲೂ ಕಷ್ಟ. ಓದುವಾಗ ಮಗು ಹರಿಯುವುದು ಪುಸ್ತಕದ ಒಂದು ಹಾಳೆಯನ್ನು. ಪ್ರಯಾಣದಲ್ಲಿ ಅದು ಹರಿದು ಹಾಕುವುದು ನಾವು ತಿಂಗಳುಗಟ್ಟಲೆ ಕುಳಿತು ಹೆಣೆದ ಕಾರ್ಯಕ್ರಮವನ್ನೇ.

ತರಗತಿಯಲ್ಲಿ ಪ್ರವಾಸ ಸಾಹಿತ್ಯವನ್ನು ಪಾಠ ಹೇಳುವಾಗಲೆಲ್ಲ ನನಗೆ ಈ ವಿಚಾರ ನೆನಪಾಗುತ್ತದೆ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಇರಲಿ, ಎ. ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಇರಲಿ, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ‘ಅಮೆರಿಕದಲ್ಲಿ ಗೊರೂರು’ ಇರಲಿ, ಇವೆಲ್ಲ ಪ್ರೌಢ ಮನಸ್ಸಿನ ಯಾತ್ರೆಗಳು. ಅಲ್ಲಿ ಕಣ್ಣು ನೋಡುತ್ತದೆ, ಮನಸ್ಸು ಮೆಲುಕು ಹಾಕುತ್ತದೆ, ಕೈ ಬರೆಯುತ್ತದೆ. ಆದರೆ ಕೈಯಲ್ಲಿ ಲೇಖನಿಯ ಬದಲು ಹಾಲಿನ ಬಾಟಲಿಯಿದ್ದರೆ ಆ ಯಾತ್ರೆಯ ಬಣ್ಣವೇ ಬೇರೆಯಾಗುತ್ತದೆ. ಎಳೆಯ ಮಗುವನ್ನೆತ್ತಿಕೊಂಡು ಹೊರಟ ತಾಯಿಯೋ ತಂದೆಯೋ ಬರೆದ ಪುಟಗಳು ನಮ್ಮಲ್ಲಿ ವಿರಳ. ಕಾರಣ ಸ್ಪಷ್ಟವಾಗಿದೆ: ಅವರಿಗೆ ಬರೆಯಲು ಬಿಡುವಿರಲಿಲ್ಲ.

ನನ್ನ ಮಕ್ಕಳಿಬ್ಬರೂ ಈಗ ತಮ್ಮ ಚೀಲವನ್ನು ತಾವೇ ಹೊರುವಷ್ಟು ದೊಡ್ಡವರಾಗಿದ್ದಾರೆ. ಅದರಿಂದ ನನಗೆ ಈ ಬಿಡುವು ದೊರೆತಿದೆ. ಅವರು ಎಳೆಯರಾಗಿದ್ದ ಕಾಲದಲ್ಲಿ ಬಸ್ಸಿನಲ್ಲಿ, ರೈಲಿನಲ್ಲಿ, ವಿಮಾನದಲ್ಲಿ ಅವರೊಡನೆ ಓಡಾಡಿ ಕಲಿತ ನಾಲ್ಕು ಪಾಠಗಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಪಾಠ ಹೇಳುವುದು ನನ್ನ ವೃತ್ತಿಯಾದರೂ ಇಲ್ಲಿ ಉಪಾಧ್ಯಾಯರು ಮಕ್ಕಳು. ನಾನು ಟಿಪ್ಪಣಿ ಬರೆದುಕೊಂಡವನು ಮಾತ್ರ.

ಆಕಾಶಯಾನ ನಮ್ಮ ಸಂಸಾರಗಳ ಬಾಗಿಲಿಗೆ ಬಂದುದು ತೀರ ಈಚೆಗೆ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಪುಟ್ಟ ವಿಮಾನವೊಂದನ್ನು ನಡೆಸಿಕೊಂಡು ಬಂದಾಗ ಅದು ಹೊತ್ತು ತಂದದ್ದು ಅಂಚೆಯ ಚೀಲಗಳನ್ನು. ಅಲ್ಲಿಂದ ಮುಂದೆ ಮದರಾಸಿಗೆ ಹೋದ ಅಂಚೆಯ ದಾರಿ ನಮ್ಮ ಬಳ್ಳಾರಿಯ ಮೇಲೆ ಹಾದುಹೋಗಿತ್ತು. ಹೀಗೆ ಕನ್ನಡನಾಡಿಗೆ ವಿಮಾನದ ನಂಟು ಬಹಳ ಹಿಂದಿನದೇ. ಆದರೆ ಕಾಗದ ಹಾರಿದಷ್ಟು ಸುಲಭವಾಗಿ ಕೂಸು ಹಾರಲಿಲ್ಲ. ಬಹುಕಾಲ ವಿಮಾನವೆಂಬುದು ಮಂತ್ರಿಗಳಿಗೆ, ದೊಡ್ಡ ವ್ಯಾಪಾರಿಗಳಿಗೆ, ವಿದೇಶಕ್ಕೆ ಓದಲು ಹೋಗುವವರಿಗೆ ಮೀಸಲಾದ ವಾಹನವಾಗಿತ್ತು. 2003ರಲ್ಲಿ ಗೊರೂರಿನವರೇ ಆದ ಕ್ಯಾಪ್ಟನ್ ಗೋಪಿನಾಥ್ ಅವರು ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿ ಕಡಿಮೆ ದರದ ಪ್ರಯಾಣಕ್ಕೆ ದಾರಿ ತೆರೆದ ಮೇಲೆ ಮಧ್ಯಮ ವರ್ಗದ ಮನೆಗಳ ಅಜ್ಜಿ, ಮೊಮ್ಮಕ್ಕಳು ವಿಮಾನದ ಮೆಟ್ಟಿಲನ್ನು ಕಂಡರು. 2023ರಲ್ಲಿ ಶಿವಮೊಗ್ಗದ ಬಳಿ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ತೆರೆಯಿತು. ಆ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಅಲ್ಲಿಗೆ ಬಂದಿಳಿಯಿತು. ಮಲೆನಾಡಿನ ಬಾಣಂತಿ ಈಗ ತವರಿನಿಂದ ಗಂಡನ ಮನೆಗೆ ಮೋಡದ ಮೇಲಿನಿಂದ ಹೋಗಬಹುದು.

ಆದರೆ ವಾಹನ ಬದಲಾದಷ್ಟು ಬೇಗ ಮಗು ಬದಲಾಗುವುದಿಲ್ಲ. ಎತ್ತಿನ ಗಾಡಿಯಲ್ಲಿ ಹೋದ ಕೂಸಿಗೂ ವಿಮಾನದಲ್ಲಿ ಹೋಗುವ ಕೂಸಿಗೂ ಹಸಿವು ಒಂದೇ, ನಿದ್ದೆ ಒಂದೇ, ಅಳು ಒಂದೇ. ನಾವು ಗಂಟೆಗೆ ಎಂಟುನೂರು ಕಿಲೋಮೀಟರು ಓಡುತ್ತಿದ್ದೇವೆಂಬ ಗೌರವ ಅದಕ್ಕೆ ಲವಲೇಶವೂ ಇಲ್ಲ. ಇದೇ ಮೊದಲನೆಯ ಪಾಠ: ಪ್ರಯಾಣದ ವೇಗವನ್ನು ನಿರ್ಧರಿಸುವುದು ಯಂತ್ರವಲ್ಲ, ಮಗುವಿನ ದೇಹ. ಅದರ ಹೊಟ್ಟೆ, ಅದರ ಕಿವಿ, ಅದರ ಕಣ್ಣು, ಅದರ ನಿದ್ದೆ – ಈ ನಾಲ್ಕನ್ನು ಅರಿತವನೇ ನಿಜವಾದ ಮಾರ್ಗದರ್ಶಿ.

ಮೊದಲು ಕಾನೂನು ಮಗುವನ್ನು ಹೇಗೆ ಕಾಣುತ್ತದೆಂಬುದನ್ನು ನೋಡೋಣ. ಎರಡು ವರ್ಷ ತುಂಬದ ಶಿಶು ವಿಮಾನದಲ್ಲಿ ಹಿರಿಯರ ತೊಡೆಯ ಮೇಲೆ ಕುಳಿತು ಹೋಗಬಹುದು; ಎರಡು ತುಂಬಿದೊಡನೆ ಅದಕ್ಕೆ ತನ್ನದೇ ಆಸನ ಬೇಕು. ನಮ್ಮ ರೈಲಿನಲ್ಲಾದರೋ ಐದು ವರ್ಷದೊಳಗಿನ ಮಗುವಿಗೆ ಬೇರೆ ಮಲಗುವ ಜಾಗ ಕೇಳದಿದ್ದರೆ ಟಿಕೆಟ್ಟೇ ಬೇಡ. 2016ರಿಂದೀಚೆಗೆ ಐದರಿಂದ ಹನ್ನೆರಡರೊಳಗಿನ ಮಕ್ಕಳಿಗೆ ಬೇರೆ ಜಾಗ ಬೇಕೆಂದರೆ ಪೂರ್ಣ ದರ, ಬೇಡವೆಂದರೆ ಅರ್ಧ ದರ. ಅಂತೂ ಆಕಾಶದಲ್ಲಿ ಎರಡಕ್ಕೇ ಮುಗಿಯುವ ಕೂಸುತನ ನೆಲದ ಮೇಲೆ ಐದರವರೆಗೆ ನಡೆಯುತ್ತದೆ. ತೊಡೆಯ ಮೇಲಿನ ಶಿಶುವಿಗೆ ಗಗನಸಖಿ ಪುಟ್ಟದೊಂದು ಪಟ್ಟಿಯನ್ನು ತಂದುಕೊಡುತ್ತಾಳೆ. ಅದನ್ನು ನಮ್ಮ ಪಟ್ಟಿಗೆ ಪೋಣಿಸಿ ಮಗುವಿನ ಸೊಂಟಕ್ಕೆ ಬಿಗಿಯಬೇಕು. ಅನುಕೂಲವಿದ್ದವರು ಶಿಶುವಿಗೂ ಬೇರೆ ಆಸನ ಕೊಂಡು, ಅದಕ್ಕೆಂದೇ ಮಾಡಿದ ಪೀಠದಲ್ಲಿ ಕೂರಿಸುವುದು ಹೆಚ್ಚು ಕ್ಷೇಮವೆಂದು ವಿಮಾನಯಾನದ ತಜ್ಞರು ಹೇಳುತ್ತಾರೆ. ವಿಮಾನ ಗಾಳಿಯಲ್ಲಿ ಕುಲುಕಾಡಿದಾಗ ತಾಯಿಯ ತೋಳು ಎಷ್ಟು ಪ್ರೀತಿಯದಾದರೂ ಪಟ್ಟಿಯಷ್ಟು ಗಟ್ಟಿಯಲ್ಲ.

ಇನ್ನು ಕಿವಿಯ ವಿಚಾರ. ವಿಮಾನದಲ್ಲಿ ಮಕ್ಕಳು ಅಳುವುದನ್ನು ಎಲ್ಲರೂ ಕೇಳಿದ್ದಾರೆ; ಏಕೆ ಅಳುತ್ತವೆಂದು ಕೇಳಿಕೊಂಡವರು ಕಡಿಮೆ. ವಿಮಾನ ಮೂವತ್ತು ನಲವತ್ತು ಸಾವಿರ ಅಡಿ ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಸುಮಾರು ಆರರಿಂದ ಎಂಟು ಸಾವಿರ ಅಡಿಯ ಬೆಟ್ಟದ ಮೇಲಿರುವಷ್ಟಕ್ಕೆ ಕಾಪಾಡಿಕೊಂಡಿರುತ್ತಾರೆ. ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪ ಎತ್ತರದಲ್ಲಿ ಕುಳಿತಂತೆ ಎನ್ನಬಹುದು. ವಿಮಾನ ಇಳಿಯತೊಡಗಿದಾಗ ಆ ಒತ್ತಡ ಮತ್ತೆ ಏರುತ್ತದೆ. ಕಿವಿದಮಟೆಯ ಹಿಂದಿನ ಪುಟ್ಟ ಕೋಣೆಯಿಂದ ಗಂಟಲಿನ ಮೇಲ್ಭಾಗಕ್ಕೆ ಒಂದು ಸಣ್ಣ ನಳಿಕೆಯಿದೆ. ಅದು ತೆರೆದರೆ ಎರಡು ಕಡೆಯ ಒತ್ತಡವೂ ಸಮನಾಗುತ್ತದೆ. ನಾವು ಆಕಳಿಸಿದಾಗ, ಉಗುಳು ನುಂಗಿದಾಗ ಅದು ತೆರೆಯುತ್ತದೆ. ಎಳೆಯ ಮಕ್ಕಳಲ್ಲಿ ಆ ನಳಿಕೆ ಕಿರಿದು, ಹೆಚ್ಚು ಅಡ್ಡವಾಗಿಯೂ ಇದೆ; ಸುಲಭವಾಗಿ ತೆರೆಯದು. ಆಗ ಕಿವಿದಮಟೆ ಒಳಕ್ಕೆ ಎಳೆದಂತಾಗಿ ನೋಯುತ್ತದೆ. ‘ಆಕಳಿಸು, ಮಗು’ ಎಂದರೆ ಆಕಳಿಸುವ ವಯಸ್ಸಲ್ಲ ಅದು, ಆದ್ದರಿಂದ ಅಳುತ್ತದೆ.

ಇದಕ್ಕೆ ಉಪಾಯ ವೈದ್ಯಕ್ಕಿಂತ ಹಳೆಯದು: ಹಾಲು ಕುಡಿಸುವುದು. ಮೊಲೆಯಾಗಲಿ, ಬಾಟಲಿಯಾಗಲಿ, ಚಮಚದ ನೀರಾಗಲಿ, ಮಗು ನುಂಗುತ್ತಿದ್ದರೆ ನಳಿಕೆ ತೆರೆಯುತ್ತಿರುತ್ತದೆ. ಜಗಿಯಬಲ್ಲ ದೊಡ್ಡ ಮಕ್ಕಳಿಗೆ ತಿನ್ನಲು ಏನಾದರೂ ಸಾಕು. ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲೇ ವಿಮಾನ ಇಳಿಯತೊಡಗುವುದರಿಂದ ಆಗಲೇ ಸಿದ್ಧವಾಗಿರಬೇಕು. ನಿದ್ದೆಯಲ್ಲಿ ನುಂಗುವುದು ಕಡಿಮೆಯಾದ್ದರಿಂದ ಮಲಗಿದ ಮಗುವನ್ನು ಎಬ್ಬಿಸಿಕೊಳ್ಳುವುದೂ ಒಳ್ಳೆಯದು. ನೆಗಡಿಯಾಗಿದ್ದರೆ, ಕಿವಿ ಸೋರುತ್ತಿದ್ದರೆ ಹೊರಡುವ ಮುನ್ನ ವೈದ್ಯರನ್ನು ಕಾಣಬೇಕು.

ಒಮ್ಮೆ ನಾವು ಬೆಂಗಳೂರಿನಿಂದ ದೆಹಲಿಗೆ ಹೋಗುತ್ತಿದ್ದೆವು. ಮಗಳಿಗೆ ಆಗ ಐದು ವರ್ಷ, ಮಗನಿಗೆ ಒಂದೂವರೆ. ವಿಮಾನ ಇಳಿಯುವ ಸೂಚನೆ ಕೇಳಿದೊಡನೆ ನನ್ನ ಹೆಂಡತಿ ನಿದ್ರಿಸುತ್ತಿದ್ದ ಮಗನನ್ನು ಮೃದುವಾಗಿ ತಟ್ಟಿ ಎಬ್ಬಿಸಿದಳು. ‘ಅಮ್ಮ, ಮನೇಲಿ ಪಾಪು ಮಲಗಿದ್ರೆ ಉಸಿರಾಡಬೇಡ ಅಂತೀಯ, ಇಲ್ಲಿ ನೀನೇ ಎಬ್ಬಿಸ್ತೀಯಲ್ಲ!’ ಎಂದು ಮಗಳು ಆಕ್ಷೇಪಿಸಿದಳು. ಅಷ್ಟರಲ್ಲಿ ಎರಡು ಸಾಲು ಹಿಂದೆ ಇನ್ನೊಂದು ಕೂಸು ಅಳತೊಡಗಿತು. ಅಳು ಏರುತ್ತ ಏರುತ್ತ ಚೀರಾಟವಾಯಿತು. ಸುತ್ತಲಿನವರಲ್ಲಿ ಕೆಲವರು ಕಿವಿಗೆ ತಂತಿಗಳನ್ನು ಸಿಕ್ಕಿಸಿಕೊಂಡರು. ಕೆಲವರು ತಿರುಗಿ ನೋಡಿ ಮತ್ತೆ ಮುಂದಕ್ಕೆ ತಿರುಗಿದರು. ಮಾತಿಗಿಂತ ಹರಿತವಾದ ನೋಟವದು. ಒಬ್ಬ ಮಹನೀಯರು ಯಾರಿಗೂ ಅಲ್ಲದಂತೆ, ಆದರೆ ಎಲ್ಲರಿಗೂ ಕೇಳುವಂತೆ, ‘ಇಷ್ಟು ಸಣ್ಣ ಮಕ್ಕಳನ್ನು ಏಕೆ ಕರೆತರುತ್ತಾರೋ!’ ಎಂದರು.

ನನ್ನ ಹೆಂಡತಿ ಮಗನನ್ನು ನನ್ನ ಕೈಗೆ ಕೊಟ್ಟು, ಕೈಚೀಲದಿಂದ ಚಮಚವನ್ನೂ ಕುದಿಸಿ ಆರಿಸಿದ ನೀರನ್ನೂ ತೆಗೆದು, ಗಗನಸಖಿಯ ಮೂಲಕ ಹಿಂದಕ್ಕೆ ಕಳುಹಿಸಿ, ‘ಹಾಲು ಕುಡಿಸಿ ಇಲ್ಲವೆ ಚಮಚದಲ್ಲಿ ನೀರು ಹಾಕಿ, ಕಿವಿ ನೋಯ್ತಾ ಇದೆ ಅಷ್ಟೆ’ ಎಂದು ಕನ್ನಡದಲ್ಲೇ ಕೂಗಿ ಹೇಳಿದಳು. ಕನ್ನಡ ಕೇಳಿದ್ದೇ ಆ ತಾಯಿಯ ಮುಖ ಅರಳಿತು. ಕೆಲವು ನಿಮಿಷಗಳಲ್ಲಿ ಕೂಸು ಸುಮ್ಮನಾಯಿತು. ಕೆಳಗಿಳಿದು ಸಾಮಾನಿಗಾಗಿ ಕಾಯುತ್ತಿದ್ದಾಗ ಆಕೆಯೇ ಹತ್ತಿರ ಬಂದಳು. ಬಾಗಲಕೋಟೆಯ ಕಡೆಯವಳು, ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ, ಒಬ್ಬಳೇ ಬಂದಿದ್ದಳು, ವಿಮಾನ ಹತ್ತಿದ್ದು ಅದೇ ಮೊದಲು. ‘ಅಕ್ಕಾರ, ಈ ಕೂಸಿನ ಅಪ್ಪ ಮಿಲ್ಟ್ರ್ಯಾಗ ಅದಾರ್ರೀ. ಐದು ತಿಂಗಳಾತು, ಇನ್ನೂ ಇದರ ಮಾರಿ ನೋಡಿಲ್ಲ. ರಜಾನ ಸಿಗಲಿಲ್ಲ, ಅದಕ್ಕ ನಾನ ಹೊಂಟು ಬಂದೆ’ ಎಂದಳು.

‘ಏಕೆ ಕರೆತರುತ್ತಾರೋ’ ಎಂಬ ಪ್ರಶ್ನೆಗೆ ಇದಕ್ಕಿಂತ ಪೂರ್ಣವಾದ ಉತ್ತರ ನನಗೆ ತಿಳಿಯದು. ಎಳೆಯ ಮಕ್ಕಳನ್ನು ಕರೆದುಕೊಂಡು ಹೊರಡುವವರಲ್ಲಿ ಬಹುಮಂದಿ ವಿಹಾರಕ್ಕೆ ಹೊರಟವರಲ್ಲ. ಕೆಲಸಕ್ಕಾಗಿ ಚದುರಿದ ಸಂಸಾರಗಳನ್ನು ಸೇರಿಸುವ ದಾರವನ್ನು ಹಿಡಿದು ಹೊರಟವರು. ತಂದೆ ಒಂದು ಊರು, ತಾತ ಒಂದು ಊರು, ತಾಯಿಯ ತವರು ಮತ್ತೊಂದು ಊರು ಆಗಿರುವ ಈ ಕಾಲದಲ್ಲಿ ಮಗು ಮನೆಯಲ್ಲೇ ಇರಬೇಕೆಂದರೆ ಯಾವ ಮನೆಯಲ್ಲಿರಬೇಕು?

ಎರಡನೆಯದು ಹೊಟ್ಟೆಯ ಪಾಠ. ಎರಡು ವರ್ಷದೊಳಗಿನ ಕೂಸುಗಳಿಗೆ ಪ್ರಯಾಣದ ವಾಂತಿ ಅಪರೂಪ. ಎರಡರಿಂದ ಹನ್ನೆರಡರವರೆಗಿನ ಮಕ್ಕಳೇ ಅದಕ್ಕೆ ಹೆಚ್ಚು ತುತ್ತಾಗುವವರು. ಸಮತೋಲನವನ್ನು ಅಳೆಯುವ ಒಳಗಿವಿಯು ‘ನಾವು ಸುತ್ತುತ್ತಿದ್ದೇವೆ’ ಎನ್ನುತ್ತದೆ. ಚಿತ್ರದ ಪುಸ್ತಕದಲ್ಲೋ ಫೋನಿನಲ್ಲೋ ನೆಟ್ಟ ಕಣ್ಣು ‘ನಾವು ನಿಂತಲ್ಲೇ ಇದ್ದೇವೆ’ ಎನ್ನುತ್ತದೆ. ಈ ಇಬ್ಬರು ಸಾಕ್ಷಿಗಳ ವಿರೋಧದಲ್ಲಿ ಮಿದುಳು ಗೊಂದಲಕ್ಕೆ ಬೀಳುತ್ತದೆ, ಶಿಕ್ಷೆ ಮಾತ್ರ ಹೊಟ್ಟೆಗೆ. ಸೋಮೇಶ್ವರದಿಂದ ಆಗುಂಬೆಗೆ ಏರುವ ಹದಿನಾಲ್ಕು ತಿರುವುಗಳಲ್ಲಿ ಈ ನ್ಯಾಯವನ್ನು ನಾನು ಪ್ರತ್ಯಕ್ಷ ಕಂಡಿದ್ದೇನೆ. ಮಗಳ ಕೈಯಿಂದ ಪುಸ್ತಕವನ್ನು ತೆಗೆದಿಟ್ಟು, ಕಿಟಕಿ ತೆರೆದು, ದೂರದ ಕಾಡನ್ನು ನೋಡೆಂದು ಹೇಳಿ, ಮೂಸಲು ಒಂದು ನಿಂಬೆಹಣ್ಣು ಕೊಟ್ಟರೆ ಅರ್ಧ ಘಾಟಿ ಸುಖವಾಗಿ ದಾಟುತ್ತದೆ. ಉಳಿದರ್ಧಕ್ಕೆ ಒಂದು ಚೀಲ, ಒಂದು ಟವೆಲು, ಒಂದು ಜೊತೆ ಬಟ್ಟೆ ಕೈಗೆಟುಕುವಲ್ಲಿ ಇರಬೇಕು. ಕೋಶ ಓದುವುದಕ್ಕೂ ದೇಶ ಸುತ್ತುವುದಕ್ಕೂ ಒಂದೇ ಹೊತ್ತು ಸಲ್ಲದೆಂಬುದನ್ನು ಘಾಟಿಯ ರಸ್ತೆ ಹೀಗೆ ಕಲಿಸುತ್ತದೆ.

ಘಟ್ಟವನ್ನು ರೈಲಿನಲ್ಲಿ ಇಳಿಯುವುದಾದರೆ ಮಕ್ಕಳಿಗೆ ಅದೊಂದು ಹಬ್ಬ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗೆ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಹಗಲುಗಾಡಿಯಲ್ಲಿ ಪ್ರತಿಯೊಂದು ಸುರಂಗ ಬಂದಾಗಲೂ ಬೋಗಿಯ ಮಕ್ಕಳೆಲ್ಲ ಒಟ್ಟಾಗಿ ಕೂಗುತ್ತಾರೆ. ದೊಡ್ಡವರು ಮೊದಲ ನಾಲ್ಕೈದು ಸುರಂಗಗಳವರೆಗೆ ಗದರಿಸುತ್ತಾರೆ. ಆಮೇಲೆ ತಾವೂ ಕೂಗುತ್ತಾರೆ. ರೈಲಿನ ದೊಡ್ಡಗುಣವೆಂದರೆ ಮಗು ಅಲ್ಲಿ ನಡೆಯಬಹುದು, ಪಕ್ಕದವರ ತಿಂಡಿಯ ಡಬ್ಬಿಯನ್ನು ಇಣುಕಿ ನೋಡಬಹುದು. ಆ ಡಬ್ಬಿಯ ವಿಷಯಕ್ಕೆ ಬಂದರೆ, ಮಗುವಿನ ಬುತ್ತಿಯಲ್ಲಿ ಹೊಸ ರುಚಿಗೆ ಎಡೆಯಿರಬಾರದು. ಮನೆಯಲ್ಲಿ ಉಂಡು ಪಳಗಿದ ರಾಗಿ ಮಣ್ಣಿ, ಮೆತ್ತನೆಯ ಅನ್ನ, ಬಾಳೆಹಣ್ಣು ಇವೇ ದಾರಿಯಲ್ಲಿಯೂ ಹಿತ. ವಿಮಾನ ನಿಲ್ದಾಣದ ತಪಾಸಣೆಗೆ ಅಂಜಬೇಕಾಗಿಲ್ಲ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಬಯಲಾದ ಸಂಚಿನ ತರುವಾಯ ಅಂತಾರಾಷ್ಟ್ರೀಯ ಪ್ರಯಾಣಗಳಲ್ಲಿ ದ್ರವಪದಾರ್ಥಗಳಿಗೆ 100 ಮಿಲಿಲೀಟರಿನ ಕಟ್ಟುಪಾಡು ಬಂದಾಗಲೂ ಮಗುವಿನ ಹಾಲಿಗೆ, ಆಹಾರಕ್ಕೆ ವಿನಾಯಿತಿ ಇಟ್ಟರು. ಲೋಕದ ಭದ್ರತೆಯ ಚಿಂತೆಯ ನಡುವೆಯೂ ಹಸಿದ ಕೂಸಿನ ಹಕ್ಕನ್ನು ಯಾರೋ ನೆನೆದರೆಂಬುದು ಸಮಾಧಾನದ ಸಂಗತಿ.

ಮೂರನೆಯದು ನಿದ್ದೆಯ ಪಾಠ. ದೊಡ್ಡವರು ಗಡಿಯಾರವನ್ನು ಕೈಗೆ ಕಟ್ಟಿಕೊಳ್ಳುತ್ತಾರೆ. ಮಗು ಅದನ್ನು ಮೈಯೊಳಗೆ ಇಟ್ಟುಕೊಂಡಿರುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನವನ್ನು ಮಹಿಳಾ ಚಾಲಕಿಯರೇ ನಡೆಸಿ ತಂದಾಗ ಪ್ರಯಾಣಕ್ಕೆ ಹಿಡಿದದ್ದು ಸುಮಾರು ಹದಿನೇಳು ಗಂಟೆ. ಆದರೆ ಆ ಎರಡು ಊರುಗಳ ಗಡಿಯಾರದ ಅಂತರ ಋತುವಿಗನುಸಾರವಾಗಿ ಹನ್ನೆರಡೂವರೆಯೋ ಹದಿಮೂರೂವರೆಯೋ ಗಂಟೆ. ವಿಮಾನ ಹದಿನೇಳು ಗಂಟೆಯಲ್ಲಿ ತಲುಪಬಹುದು. ಮೈಯ ಗಡಿಯಾರ ಹಿಂದೆ ಉಳಿದಿರುತ್ತದೆ. ಒಂದು ಗಂಟೆಯ ವ್ಯತ್ಯಾಸಕ್ಕೆ ಸುಮಾರು ಒಂದು ದಿನದಂತೆ ಅದು ಮೆಲ್ಲನೆ ನಡೆದು ಬಂದು ಸೇರುತ್ತದೆ.

ನನ್ನ ತಂಗಿ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅವಳ ಬಾಣಂತನಕ್ಕೆಂದು ನಮ್ಮ ತಾಯಿ, ಹಿಂದೆ ಬೆಂಗಳೂರನ್ನು ಕೂಡ ಒಲ್ಲದ ಮನಸ್ಸಿನಿಂದ ಕಂಡವರು, ಮೆಂತ್ಯದ ಪುಡಿಯನ್ನೂ ಬಜೆಯನ್ನೂ ಕಟ್ಟಿಕೊಂಡು ಸಮುದ್ರ ದಾಟಿ ಹೋಗಿಬಂದರು. ಆ ಮಗು ಎರಡು ವರ್ಷದವಳಾದ ಮೇಲೆ ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಗೆ ಮೊದಲ ಬಾರಿ ಬಂದಳು. ಅಷ್ಟುದಿನವೂ ಅವಳಿಗೆ ಅಜ್ಜಿಯೆಂದರೆ ಫೋನಿನ ಗಾಜಿನೊಳಗಿನ ಒಂದು ಮುಖ. ಜಗಲಿಯ ಮೇಲೆ ನಿಂತ ಅಜ್ಜಿಯನ್ನು ಕಂಡು ಅವಳು ಹತ್ತಿರ ಬಂದು ಮೊದಲು ಮಾಡಿದ ಕೆಲಸ, ಬೆರಳಿನಿಂದ ಕೆನ್ನೆಯನ್ನು ಒತ್ತಿ ನೋಡಿದ್ದು. ಗಾಜು ಸಿಕ್ಕಲಿಲ್ಲ, ಬೆಚ್ಚನೆಯ ಚರ್ಮ ಸಿಕ್ಕಿತು.

ಆ ರಾತ್ರಿ ಎರಡು ಗಂಟೆಗೆ ಮಗು ಎದ್ದು ಕುಳಿತು ಆಡತೊಡಗಿತು. ತಂಗಿ ಮಲಗಿಸಲು ಪರದಾಡುತ್ತಿದ್ದಳು. ನಮ್ಮ ತಾಯಿ ಬಂದು, ‘ಬಿಡೇ, ಅದಕ್ಕೀಗ ಮಧ್ಯಾಹ್ನ. ನೀನು ಮಲಗು’ ಎಂದು ಮೊಮ್ಮಗಳನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಲಾಂದ್ರದ ಬೆಳಕಿನಲ್ಲಿ ಮೆಲುಕು ಹಾಕುವ ಹಸುವನ್ನು ಆ ಮಗು ಬೆಳಗಿನ ಜಾವದವರೆಗೆ ನೋಡಿತು. ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಕೂರಿಸಿದರು. ಹಗಲು ಹೆಚ್ಚು ಮಲಗಗೊಡದೆ ತೋಟದಲ್ಲಿ ಸುತ್ತಾಡಿಸಿದರು. ಮೈಯ ಗಡಿಯಾರವನ್ನು ತಿದ್ದುವುದರಲ್ಲಿ ಬೆಳಕಿಗಿರುವಷ್ಟು ಶಕ್ತಿ ಬೇರೊಂದಕ್ಕಿಲ್ಲವೆಂದು ವಿಜ್ಞಾನಿಗಳು ಹೇಳುತ್ತಾರೆ. ನಮ್ಮ ತಾಯಿ ಅದನ್ನು ಓದಿದವರಲ್ಲ. ಮಗುವಿನೊಡನೆ ಜಗಳವಾಡದೆ ಅದರ ಮಧ್ಯಾಹ್ನದಲ್ಲಿ ತಾವೂ ಪಾಲುಗೊಳ್ಳುವುದು ಮಾತ್ರ ಅವರಿಗೆ ಗೊತ್ತಿತ್ತು. ದೂರದ ಊರಿಗೆ ಹೋದಾಗ ಮೊದಲ ಎರಡು ಮೂರು ದಿನ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬಾರದೆಂಬ ನಿಯಮ ಅಂದಿನಿಂದ ನಮ್ಮ ಮನೆಯಲ್ಲಿ ಬಂದಿದೆ.

ನಾಲ್ಕನೆಯದು ಕಣ್ಣಿನ ಪಾಠ. ಹಂಪಿಗೆ ಹೋದಾಗ ನಾನು ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ತೋರಿಸಿ ವಿಜಯನಗರದ ವೈಭವವನ್ನು ವಿವರಿಸತೊಡಗಿದೆ. ಮಗಳು ಸ್ವಲ್ಪ ಹೊತ್ತು ಸೌಜನ್ಯಕ್ಕಾಗಿ ಕೇಳಿದಳು. ಆಮೇಲೆ ರಥದ ಚಕ್ರದ ಬಳಿ ಸಾಲುಗಟ್ಟಿ ಹೋಗುತ್ತಿದ್ದ ಇರುವೆಗಳ ಹತ್ತಿರ ಕುಳಿತುಬಿಟ್ಟಳು. ‘ಇರುವೆ ನಮ್ಮ ಮನೆಯಲ್ಲೂ ಇದೆಯಲ್ಲಮ್ಮ’ ಎಂದೆ. ‘ಇದು ಹಂಪಿ ಇರುವೆ, ಅಪ್ಪ’ ಎಂದಳು. ಅವಳ ಮಾತಿನಲ್ಲಿ ತಪ್ಪೇನಿತ್ತು? ಹಂಪಿಯಲ್ಲಿ ಅವಳಿಗೆ ಸೇರಿದ್ದು ಮೂರು: ಆ ಇರುವೆಗಳು, ದೇವಾಲಯದವರೆಗೆ ಜನರನ್ನು ಸಾಗಿಸುವ ಬ್ಯಾಟರಿ ಗಾಡಿ, ತುಂಗಭದ್ರೆಯ ಹರಿಗೋಲು. ಹರಿಗೋಲು ಸುತ್ತುತ್ತ ಸಾಗುವುದೇ ಹೊರತು ನೆಟ್ಟಗೆ ಹೋಗುವುದಿಲ್ಲ. ಮಗುವಿನ ಪ್ರಯಾಣವೂ ಅಂಥದೇ. ದಿನಕ್ಕೆ ಐದು ಸ್ಥಳ ನೋಡುವವನು ಐದು ಹೆಸರುಗಳನ್ನು ಮನೆಗೆ ತರುತ್ತಾನೆ. ಮಗುವಿನೊಡನೆ ಒಂದೇ ಸ್ಥಳದಲ್ಲಿ ಅರ್ಧ ದಿನ ಕುಳಿತವನು ಆ ಸ್ಥಳವನ್ನೇ ತರುತ್ತಾನೆ.

ಈ ನಾಲ್ಕರ ಜೊತೆಗೆ ವಿಮಾನದಲ್ಲಿ ಪ್ರತಿಸಲವೂ ಹೇಳುವ, ಆದರೆ ಯಾರೂ ಗಮನವಿಟ್ಟು ಕೇಳದ ಒಂದು ಸೂಚನೆಯನ್ನು ಸೇರಿಸಬೇಕು: ‘ಆಮ್ಲಜನಕದ ಮುಖವಾಡವನ್ನು ಮೊದಲು ನೀವು ಧರಿಸಿ, ಆಮೇಲೆ ಮಗುವಿಗೆ ತೊಡಿಸಿ.’ ತಾಯಂದಿರಿಗೆ ಇದು ಕ್ರೂರವಾಗಿ ಕೇಳುತ್ತದೆ. ಮೊದಲ ತುತ್ತು ಮಗುವಿಗೆ, ಮೊದಲ ಹೊದಿಕೆ ಮಗುವಿಗೆ ಎಂದು ಬಾಳಿದವಳು ಮೊದಲ ಉಸಿರನ್ನು ತಾನು ತೆಗೆದುಕೊಳ್ಳುವುದೇ? ಆದರೆ ಲೆಕ್ಕ ಕಠೋರವಾಗಿದೆ. 35,000 ಅಡಿ ಎತ್ತರದಲ್ಲಿ ಒಳಗಿನ ಒತ್ತಡ ತಪ್ಪಿದರೆ ಎಚ್ಚರವಾಗಿದ್ದು ಕೈಯಾಡಿಸಲು ಮನುಷ್ಯನಿಗೆ ಸಿಗುವುದು ಅರ್ಧ ನಿಮಿಷದಿಂದ ಒಂದು ನಿಮಿಷ. ಅಷ್ಟರಲ್ಲಿ ತಾಯಿ ಎಚ್ಚರ ತಪ್ಪಿದರೆ ಮಗುವನ್ನು ಉಳಿಸುವವರಿಲ್ಲ. ಉಪವಾಸವಿದ್ದು, ನಿದ್ದೆಗೆಟ್ಟು, ಚೀಲಗಳನ್ನೆಲ್ಲ ಒಬ್ಬಳೇ ಹೊತ್ತು ನಡೆಯುವ ತಾಯಿಯನ್ನು ಕಂಡಾಗಲೆಲ್ಲ ನನಗೆ ಈ ಸೂಚನೆ ನೆನಪಾಗುತ್ತದೆ. ಪಕ್ಕದಲ್ಲಿ ಗಂಡ ಬರಿಗೈಯಲ್ಲಿ ನಡೆಯುತ್ತಿದ್ದರಂತೂ ಅದನ್ನು ಅವನ ಕಿವಿಯಲ್ಲಿ ಗಟ್ಟಿಯಾಗಿ ಹೇಳಬೇಕೆನಿಸುತ್ತದೆ.

ಹಿಂದಿನ ಕಾಲದ ಬಸ್ಸಿನಲ್ಲಿ ಅಳುವ ಮಗು ಇಡೀ ಬಸ್ಸಿನದಾಗಿತ್ತೆಂದೂ, ಈಗಿನ ವಿಮಾನದಲ್ಲಿ ಅದು ತಾಯಿಯೊಬ್ಬಳ ಅಪರಾಧವಾಗಿದೆಯೆಂದೂ ಹೇಳುವವರಿದ್ದಾರೆ. ಅದರಲ್ಲಿ ಸತ್ಯವಿದೆ, ಆದರೆ ಪೂರ್ಣ ಸತ್ಯವಿಲ್ಲ. ಬಸ್ಸಿನಲ್ಲಿಯೂ ಗದರುವವರಿದ್ದರು, ವಿಮಾನದಲ್ಲಿಯೂ ಚಮಚ ಕಳುಹಿಸುವವರಿದ್ದಾರೆ. ಭೇದವಿರುವುದು ಇನ್ನೊಂದು ಕಡೆ. ಸುಗ್ಗಿ ಮುಗಿದ ಮೇಲೆ ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸ ಅರಸಿ ಬೆಂಗಳೂರಿಗೋ ಮುಂಬಯಿಗೋ ಪುಣೆಗೋ ಹೊರಡುವ ಕುಟುಂಬಗಳನ್ನು ರೈಲಿನ ಸಾಮಾನ್ಯ ಬೋಗಿಗಳಲ್ಲಿ ನೋಡಬಹುದು. ಕಾಲಿಡಲು ಎಡೆಯಿಲ್ಲದ ಕಡೆ, ಎರಡು ಹಲಗೆಗಳ ನಡುವೆ ಹಳೆಯ ಸೀರೆಯನ್ನು ಕಟ್ಟಿ ತೊಟ್ಟಿಲು ಮಾಡಿರುತ್ತಾರೆ. ಅದರಲ್ಲಿ ಕೂಸು ಮಲಗಿರುತ್ತದೆ. ಆ ಮಕ್ಕಳೂ ದೇಶ ಸುತ್ತುತ್ತಾರೆ. ಆದರೆ ಅದರಿಂದಲೇ ಅವರ ಕೋಶ ಓದುವುದು ನಿಂತುಹೋಗುತ್ತದೆ. ಮಕ್ಕಳೊಡನೆ ಪ್ರಯಾಣದ ಕಷ್ಟವನ್ನು ಹೇಳಿಕೊಳ್ಳುವಾಗ ನಮ್ಮಂಥವರು ಆ ಸೀರೆಯ ತೊಟ್ಟಿಲನ್ನು ಮರೆಯಬಾರದು. ನಮಗೆ ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂದು ಆರಿಸಿಕೊಳ್ಳುವ ಭಾಗ್ಯವಿದೆ, ಅವರಿಗೆ ಅದಿಲ್ಲ. ಹೀಗಿರುವಾಗ ಯಾವ ವಾಹನದಲ್ಲೇ ಆಗಲಿ, ಅಳುವ ಮಗುವಿನ ಕಡೆಗೆ ಹರಿತವಾದ ನೋಟ ಬೀರುವ ಮುನ್ನ ಆ ಅಳುವಿನ ಹಿಂದಿರುವ ಕಾರಣವನ್ನು ನೆನೆಯುವುದು ಸಹಪ್ರಯಾಣಿಕರ ಕನಿಷ್ಠ ಧರ್ಮ. ಸಾಧ್ಯವಾದರೆ ಒಂದು ಚೀಲವನ್ನು ಇಳಿಸಿಕೊಡುವುದು ಆ ಧರ್ಮದ ಮುಂದಿನ ಮೆಟ್ಟಿಲು.

ಇಷ್ಟೆಲ್ಲ ಪಾಡುಪಟ್ಟು ಕರೆದೊಯ್ದ ಮಗುವಿಗೆ ಆ ಪ್ರಯಾಣ ನೆನಪಿರುತ್ತದೆಯೇ ಎಂದು ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ. ಇರುವುದಿಲ್ಲ. ಮೂರು ವರ್ಷಕ್ಕೆ ಮುಂಚಿನ ಸಂಗತಿಗಳು ದೊಡ್ಡವರಾದ ಮೇಲೆ ಬಹುಮಟ್ಟಿಗೆ ಅಳಿಸಿಹೋಗುತ್ತವೆಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಹಾಗಾದರೆ ಆ ಶ್ರಮ ವ್ಯರ್ಥವೇ? ನೆನಪು ಒಬ್ಬರ ತಲೆಯಲ್ಲೇ ಇರಬೇಕೆಂಬ ನಿಯಮವಿಲ್ಲ. ಮಗು ಮರೆತದ್ದನ್ನು ಅಜ್ಜಿ ನೆನಪಿಟ್ಟುಕೊಂಡಿರುತ್ತಾಳೆ, ತಂದೆ ನೆನಪಿಟ್ಟುಕೊಂಡಿರುತ್ತಾನೆ, ಅಕ್ಕ ನೆನಪಿಟ್ಟುಕೊಂಡಿರುತ್ತಾಳೆ. ‘ನೀನು ಇಷ್ಟುದ್ದ ಇದ್ದಾಗ ಬಂದಿದ್ದೆ, ಇದೇ ಜಗಲಿಯ ಮೇಲೆ ಅಂಬೆಗಾಲಿಟ್ಟಿದ್ದೆ’ ಎಂದು ಮುಂದೊಂದು ದಿನ ಅವರು ಹೇಳುವಾಗ, ತನ್ನನ್ನು ನೋಡುವುದಕ್ಕೂ ತೋರಿಸುವುದಕ್ಕೂ ಯಾರೋ ಅಷ್ಟು ದೂರ ಹೊತ್ತುಕೊಂಡು ನಡೆದರೆಂಬುದು ಆ ಮಗುವಿಗೆ ತಿಳಿಯುತ್ತದೆ. ಬಾಳಿನಲ್ಲಿ ಮುಂದೆ ಒಬ್ಬಂಟಿಯಾಗಿ ನಡೆಯಬೇಕಾದ ದಾರಿಗಳು ಅದಕ್ಕೆ ಬೇಕಾದಷ್ಟು ಬರುತ್ತವೆ. ಅಂಥ ದಾರಿಗೆ ಇದಕ್ಕಿಂತ ಒಳ್ಳೆಯ ಬುತ್ತಿಯನ್ನು ನಾವು ಕಟ್ಟಿಕೊಡಲಾರೆವು.